ಖಾಲಿ ಮನೆ ಸೊನ್ನೆಯಲ್ಲ

ಹೋದ ಭಾನುವಾರ ಹಲಸೂರಿನ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳ. ಒಂದು ಕಡೆ ಒಂಬತ್ತನೇ ತರಗತಿಯ ನನ್ನ ಮಗಳು, ಇನ್ನೊಂದು ಕಡೆ ನಮ್ಮಮ್ಮ. ಜಗಳಕ್ಕೆ ಕಾರಣ ಒಂದು ಸೊನ್ನೆ!

ಶಾಲೆಯಲ್ಲಿ ಮಗಳಿಗೆ ‘ಬೆಂಗಳೂರು ಬೆಳೆದ ಬಗೆ’ ಅಂತ ಪ್ರಾಜೆಕ್ಟ್ ಕೊಟ್ಟಿದ್ದರು. ಹಳೆಯ ಜನಗಣತಿಯ ಅಂಕಿಗಳನ್ನು ಬರೆದುಕೊಂಡು ಬಂದು ‘ಆರ್’ನಲ್ಲಿ ಗ್ರಾಫ್ ಮಾಡಲು ಕೂತಿದ್ದಳು. ಆರ್ ಎಂದರೆ ಅಂಕಿಅಂಶಗಳ ಲೆಕ್ಕಕ್ಕೆಂದೇ ಹುಟ್ಟಿದ ಪ್ರೋಗ್ರಾಮಿಂಗ್ ಭಾಷೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿದ್ದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ 1990ರ ದಶಕದ ಆರಂಭದಲ್ಲಿ ಇದನ್ನು ಶುರು ಮಾಡಿದರು. ಇಬ್ಬರ ಹೆಸರಿನ ಮೊದಲ ಅಕ್ಷರವೂ ಆರ್! ಇದನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು.

ಅವಳ ಕೋಷ್ಟಕ ಹೀಗಿತ್ತು:

ವರ್ಷ – ನಗರ – ದಂಡು
1901 – 69,447 – 89,599
1921 – 1,18,556 – 1,18,940
1941 – 2,48,334 – 1,58,426
1951 – 7,78,977 – (ಖಾಲಿ)

ಬೆಂಗಳೂರಿಗೆ ಎರಡು ಕಾಲಂ ಏಕೆ ಅಂತೀರಾ? ಆಗ ಇದ್ದದ್ದೇ ಎರಡು ಊರು. 1809ರಲ್ಲಿ ಇಂಗ್ಲಿಷರು ಇಲ್ಲಿ ಸೇನೆಗೆಂದು ದಂಡು ಕಟ್ಟಿದರು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ದಂಡನ್ನು ಮಾತ್ರ ಬಿಟ್ಟುಕೊಡಲಿಲ್ಲ. ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂದು ಹೆಸರಿಟ್ಟು ತಾವೇ ಆಳಿದರು. ಇಂದಿನ ಶಿವಾಜಿನಗರ, ನಮ್ಮ ಹಲಸೂರು ಎಲ್ಲ ಅದರೊಳಗೇ ಇದ್ದವು. ಅತ್ತ ಪೇಟೆಯ ಕಡೆಯ ನಗರ ಮೈಸೂರು ಮಹಾರಾಜರದ್ದು. ಜನಗಣತಿಯಲ್ಲೂ ಎರಡಕ್ಕೂ ಬೇರೆ ಬೇರೆ ಲೆಕ್ಕ. 1921ರ ಸಾಲನ್ನು ನೋಡಿ: ಎರಡರ ನಡುವೆ ವ್ಯತ್ಯಾಸ ಬರೀ 384 ಜನ!

ಆರ್‌ನಲ್ಲಿ ಒಂದು ಅನುಕೂಲವಿದೆ. ಕೋಷ್ಟಕದ ಹೆಸರು ಬರೆದು, ಪಕ್ಕದಲ್ಲಿ ಡಾಲರ್ ಗುರುತು ಹಾಕಿ, ಕಾಲಂ ಹೆಸರು ಬರೆದರೆ ಸಾಕು, ಆ ಕಾಲಂ ಇಡಿಯಾಗಿ ಕೈಗೆ ಬರುತ್ತದೆ. ಎರಡು ಕಾಲಂಗಳ ನಡುವೆ ಕೂಡಿಸುವ ಗುರುತು ಹಾಕಿದರೆ ಒಂದೊಂದು ಸಾಲನ್ನೂ ತಾನೇ ಕೂಡಿಸುತ್ತದೆ. ಮಗಳು ಹಾಗೇ ಮಾಡಿದಳು. ಆದರೆ ಆರ್ ಒಪ್ಪಲಿಲ್ಲ.

“ಅಮ್ಮಾ, ಇದು ಸಂಖ್ಯೆನೇ ಅಲ್ಲ ಅಂತಿದೆ!”

ಹೋಗಿ ನೋಡಿದೆ. ತಪ್ಪು ಅಲ್ಪವಿರಾಮದ್ದು. ನಾವು 89,599 ಎಂದು ಬರೆದರೆ ನಿಮಗೆ ಸಂಖ್ಯೆ ಕಾಣುತ್ತದೆ, ಆರ್‌ಗೆ ಅದೊಂದು ಪದ. ಒಂದು ಕಾಲಂನಲ್ಲಿ ಒಂದೇ ಬಗೆಯ ಮಾಹಿತಿ ಇರಬೇಕೆಂಬುದು ಅದರ ನಿಯಮ. ಒಂದು ಮನೆಯಲ್ಲಿ ಅಲ್ಪವಿರಾಮ ನುಸುಳಿದರೂ ಇಡೀ ಕಾಲಂ ಪದಗಳ ಪಟ್ಟಿಯಾಗಿಬಿಡುತ್ತದೆ. ಪದಗಳನ್ನು ಕೂಡಿಸಲು ಆಗುತ್ತದೆಯೇ? ಅಲ್ಪವಿರಾಮ ತೆಗೆದು, ಕಾಲಂ ಅನ್ನು ಸಂಖ್ಯೆಯಾಗಿ ಬದಲಾಯಿಸಿದೆವು. ಲೆಕ್ಕ ಓಡಿತು.

ಆದರೆ 1951ರ ಸಾಲಿನಲ್ಲಿ ಉತ್ತರದ ಬದಲು ‘ಎನ್‌ಎ’ ಎಂದು ಬಂತು. ‘ನಾಟ್ ಅವೈಲಬಲ್’, ಅಂದರೆ ಮಾಹಿತಿ ಇಲ್ಲ. ಖಾಲಿ ಮನೆಯನ್ನು ಆರ್ ಹೀಗೆ ಗುರುತಿಸುತ್ತದೆ. ಗೊತ್ತಿರುವುದಕ್ಕೆ ಗೊತ್ತಿಲ್ಲದ್ದನ್ನು ಕೂಡಿಸಿದರೆ ಬರುವುದು ಗೊತ್ತಿಲ್ಲದ್ದೇ ಅಲ್ಲವೇ? ನಾನು ಒಗ್ಗರಣೆ ಹಾಕಲು ಅಡುಗೆಮನೆಗೆ ಹೋದೆ. ಅಷ್ಟರಲ್ಲಿ ಮಗಳು ಬೇಸತ್ತು ಆ ಮನೆಯಲ್ಲಿ ಸೊನ್ನೆ ಬರೆದುಬಿಟ್ಟಳು. ಗ್ರಾಫ್ ಚೆನ್ನಾಗಿಯೇ ಬಂತು. ಕೆಳಗೆ ಒಂದು ಸಾಲನ್ನೂ ಬರೆದಳು: ‘ಇಂಗ್ಲಿಷರು ಹೋದ ಮೇಲೆ ದಂಡು ಖಾಲಿಯಾಯಿತು. ಹತ್ತೇ ವರ್ಷದಲ್ಲಿ ನಗರ ಮೂರು ಪಟ್ಟಾಯಿತು.’

ಅದನ್ನು ಗಟ್ಟಿಯಾಗಿ ಓದಿದ್ದೇ ತಡ, ಹೂ ಕಟ್ಟುತ್ತಿದ್ದ ನಮ್ಮಮ್ಮ ತಲೆಯೆತ್ತಿದರು.

“ಖಾಲಿಯಾಯ್ತಾ? 1951ರಲ್ಲಿ ನಂಗೆ ಎಂಟು ವರ್ಷ ಕಣೇ. ರಸೆಲ್ ಮಾರ್ಕೆಟ್ ಹಿಂದಿನ ಗಲ್ಲೀಲಿ ನಮ್ಮನೆ. ಅಪ್ಪ, ಅಮ್ಮ, ನಾವು ಐದು ಮಕ್ಕಳು. ನಾವೆಲ್ಲ ಸೊನ್ನೇನಾ?”

“ಅಲ್ಲ ಅಜ್ಜೀ, ಅಲ್ಲಿ ಏನೂ ಬರೆದಿರಲಿಲ್ಲ, ಅದಕ್ಕೇ...”

“ಬರೆದಿರಲಿಲ್ಲ ಅಂದ್ರೆ ನಾವು ಇರಲಿಲ್ಲ ಅಂತಾನಾ?”

ಮಗಳ ಮುಖ ಸಣ್ಣಗಾಯಿತು. ನಾನು ಅವಳ ಪಕ್ಕ ಕೂತು ಕೇಳಿದೆ: “ನಿಮ್ಮ ತರಗತಿಯಲ್ಲಿ ಒಬ್ಬಳು ಜ್ವರ ಬಂದು ಪರೀಕ್ಷೆಗೇ ಬರಲಿಲ್ಲ. ಇನ್ನೊಬ್ಬಳು ಬರೆದು ಸೊನ್ನೆ ತೆಗೆದಳು. ಇಬ್ಬರದೂ ಒಂದೇ ಅಂಕವಾ?” ಅವಳಿಗೆ ಥಟ್ಟನೆ ಹೊಳೆಯಿತು. ಸೊನ್ನೆ ಎಂದರೆ ಎಣಿಸಿ ನೋಡಿದೆವು, ಯಾರೂ ಇರಲಿಲ್ಲ ಎಂದರ್ಥ. ಎನ್‌ಎ ಎಂದರೆ ಆ ಮನೆಗೆ ಅಂಕಿಯೇ ಬಂದಿಲ್ಲ ಎಂದರ್ಥ. ಏಕೆ ಬಂದಿಲ್ಲ ಎಂದು ನಾವೇ ಹುಡುಕಬೇಕು, ಆರ್ ಹುಡುಕಿಕೊಡುವುದಿಲ್ಲ.

ಹುಡುಕಿದೆವು. ಸ್ವಾತಂತ್ರ್ಯಕ್ಕೆ ಮುಂಚೆ, 1947ರ ಜುಲೈನಲ್ಲಿ, ದಂಡು ಮೈಸೂರಿನ ಕೈಗೆ ಮರಳಿತು. 1949ರ ಡಿಸೆಂಬರಿನಲ್ಲಿ ಎರಡೂ ಪುರಸಭೆಗಳನ್ನು ಸೇರಿಸಿ ಒಂದೇ ಕಾರ್ಪೊರೇಷನ್ ಮಾಡಿದರು. ಹಾಗಾಗಿ 1951ರ 7,78,977ರೊಳಗೆ ದಂಡಿನ ಜನರೂ ಇದ್ದಾರೆ. ಕಾಲಂ ಹೆಸರು ‘ನಗರ’ವೇ ಆದರೂ 1941ರಲ್ಲಿ ಅದು ಬೆಂಗಳೂರಿನ ಒಂದು ಭಾಗ, 1951ರಲ್ಲಿ ಇಡೀ ಬೆಂಗಳೂರು.

ಕೋಷ್ಟಕವನ್ನು ಸರಿಮಾಡಿದೆವು. ‘ಒಟ್ಟು’ ಎಂಬ ಹೊಸ ಕಾಲಂ ಸೇರಿಸಿದೆವು. ಹಳೆಯ ಸಾಲುಗಳಿಗೆ ಎರಡೂ ಕಾಲಂ ಕೂಡಿಸಿದ ಮೊತ್ತ. 1951ಕ್ಕೆ 7,78,977 ನೇರವಾಗಿ ಅಲ್ಲಿಗೇ. ಆ ಸಾಲಿನಲ್ಲಿ ‘ನಗರ’, ‘ದಂಡು’ ಎರಡೂ ಎನ್‌ಎ. ‘ಟಿಪ್ಪಣಿ’ ಎಂಬ ಇನ್ನೊಂದು ಕಾಲಂನಲ್ಲಿ ಕಾರಣ ಬರೆದೆವು. ಈಗ ಲೆಕ್ಕ 1941ರ 4,06,760ರಿಂದ 1951ರ 7,78,977ಕ್ಕೆ. ಮೂರು ಪಟ್ಟಲ್ಲ, ಎರಡು ಪಟ್ಟಿಗೂ ಸ್ವಲ್ಪ ಕಡಿಮೆ. ಅದೂ ಸಣ್ಣ ಬೆಳವಣಿಗೆಯಲ್ಲ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಕೆ.ಆರ್. ಪುರದ ಹತ್ತಿರ ದೂರವಾಣಿ ಕಾರ್ಖಾನೆ ಬಂದ ಕಾಲ ಅದು.

ಮಗಳು ಹಳೆಯ ಸಾಲನ್ನು ಅಳಿಸಿ ಹೀಗೆ ಬರೆದಳು: ‘ದಂಡು ಖಾಲಿಯಾಗಲಿಲ್ಲ, ಊರಿನೊಳಗೆ ಸೇರಿತು.’

“ನನ್ನನ್ನ ಎಲ್ಲಿ ಹಾಕಿದ್ಯೇ?” ಎಂದರು ಅಮ್ಮ.

“ಒಟ್ಟಿನಲ್ಲಿ, ಅಜ್ಜಿ.”

“ಹಾಗಾದ್ರೆ ಸರಿ,” ಎಂದು ಮತ್ತೆ ಹೂವಿಗೆ ಕೈಹಾಕಿದರು.

ಮಕ್ಕಳೇ, ಈ ವಾರ ನೀವೊಂದು ಕೆಲಸ ಮಾಡಿ. ಮನೆಯ ಹಾಲಿನ ಲೆಕ್ಕವನ್ನೋ ಅಜ್ಜನ ಬಿ.ಪಿ. ಬರೆದಿಟ್ಟ ಪುಸ್ತಕವನ್ನೋ ತೆಗೆದು ನೋಡಿ. ಖಾಲಿ ಬಿಟ್ಟ ಮನೆ ಕಂಡರೆ ಸೊನ್ನೆ ಬರೆಯುವ ಮುಂಚೆ ಮನೆಯವರನ್ನು ಕೇಳಿ: “ಆ ದಿನ ಏನಾಗಿತ್ತು?”