ಹಿಗ್ಗಿಸಿ ಕುಗ್ಗಿಸಿದ ಬೆಳಕು

ಗಾಜು ಬೆಳಕಿಗೆ ದಾರಿ ಬಿಡುತ್ತದೆ ಎಂಬುದು ಶಾಲೆಯ ಪಾಠ. ಆದರೆ ಬೆಳಕು ಅತಿ ತೀವ್ರವಾದರೆ ಗಾಜಿನ ಗುಣವೇ ಬದಲಾಗುತ್ತದೆ. ಅದರ ವಕ್ರೀಭವನಾಂಕ ಏರಿ, ಚಪ್ಪಟೆ ಗಾಜೂ ಮಸೂರದಂತೆ ಬೆಳಕನ್ನು ಒಂದೆಡೆ ಕೂಡಿಸುತ್ತದೆ. ಕೂಡಿದ ಬೆಳಕು ಗಾಜನ್ನೇ ಸುಡುತ್ತದೆ. ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟ ಹಾಗೆ! 1960ರಲ್ಲಿ ಹುಟ್ಟಿದ ಲೇಸರಿನ ಬಲ ಹೆಚ್ಚಿಸಲು ಹೊರಟವರಿಗೆ ಇದೇ ದೊಡ್ಡ ತೊಡಕಾಗಿತ್ತು.

ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಜೆರಾರ್ ಮುರೂ ಒಂದು ಉಪಾಯ ಯೋಚಿಸಿದರು. ಅದನ್ನು ಪ್ರಯೋಗಾಲಯದಲ್ಲಿ ಮಾಡಿ ತೋರಿಸುವ ಹೊಣೆ ಅವರ ಪಿಎಚ್‌.ಡಿ. ವಿದ್ಯಾರ್ಥಿನಿ ಡೋನಾ ಸ್ಟ್ರಿಕ್‌ಲ್ಯಾಂಡ್ ಪಾಲಿಗೆ ಬಂತು. ಆಕೆ ಕೆನಡಾದವರು; 1981ರಲ್ಲಿ ಅಲ್ಲಿನ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಿಂದ ಇಂಜಿನಿಯರಿಂಗ್ ಭೌತವಿಜ್ಞಾನದ ಪದವಿ ಪಡೆದಿದ್ದರು.

ಉಪಾಯ ಕೇಳಲು ಸುಲಭ. ಮಲೆನಾಡಿನ ಕಾಲುಸಂಕವನ್ನು ನೆನೆಯಿರಿ. ಹತ್ತು ಮಂದಿ ಒಟ್ಟಿಗೆ ಹತ್ತಿದರೆ ಸಂಕ ಮುರಿಯುತ್ತದೆ. ಒಬ್ಬರ ಹಿಂದೊಬ್ಬರು ದಾಟಿ, ಆಚೆ ದಡದಲ್ಲಿ ಮತ್ತೆ ಗುಂಪುಗೂಡಬಹುದು. ಬೆಳಕಿನ ಚಿಕ್ಕ ಮಿಡಿತವನ್ನೂ ಹಾಗೆಯೇ ಮೊದಲು ಹಿಗ್ಗಿಸಿ, ಆಮೇಲೆ ಬಲಪಡಿಸಿ, ಕೊನೆಗೆ ಕುಗ್ಗಿಸಬೇಕು. ಹಿಗ್ಗಿಸಲು ಆಕೆ ಬಳಸಿದ್ದು 1.4 ಕಿಲೋಮೀಟರ್ ಉದ್ದದ ಗಾಜಿನ ಎಳೆ. ಅದರೊಳಗೆ ಉದ್ದ ತರಂಗಗಳು ಮುಂದೆ ಓಡಿದವು, ಗಿಡ್ಡ ತರಂಗಗಳು ಹಿಂದುಳಿದವು. ಮಿಡಿತ ಸುಮಾರು 300 ಪಿಕೋಸೆಕೆಂಡಿನಷ್ಟು ಹಿಗ್ಗಿತು. (ಪಿಕೋಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು.) ನಿಯೋಡಿಮಿಯಂ ಬೆರೆತ ಗಾಜಿನಲ್ಲಿ ಅದರ ಬಲ ಹೆಚ್ಚಿತು. ಬಳಿಕ ಸೂಕ್ಷ್ಮ ಗೆರೆಗಳನ್ನು ಕೊರೆದ ಜೋಡಿ ಫಲಕಗಳು, ಅಂದರೆ ಗ್ರೇಟಿಂಗುಗಳು, ಮುಂದೋಡಿದ ತರಂಗಗಳನ್ನು ಸುತ್ತುದಾರಿಗೆ ಕಳಿಸಿ ಹಿಂದಿನವುಗಳ ಜೊತೆ ಸೇರಿಸಿದವು. ಹೊರಬಂದ ಮಿಡಿತ ಬರೀ 2 ಪಿಕೋಸೆಕೆಂಡ್! ಎಳೆ ಹಿಗ್ಗಿಸಿದ್ದಕ್ಕೂ ಗ್ರೇಟಿಂಗ್ ಕುಗ್ಗಿಸಿದ್ದಕ್ಕೂ ತಾಳೆಯಾಗಬೇಕಲ್ಲ, ಶ್ರಮವೆಲ್ಲ ಅಲ್ಲಿತ್ತು.

1985ರಲ್ಲಿ ಪ್ರಕಟವಾದ ಈ ಪ್ರಬಂಧ ಆಕೆಯ ಮೊಟ್ಟಮೊದಲನೆಯದು. ಪುಟಗಳು ಮೂರೇ ಮೂರು.

ಇದರಿಂದ ಏನು ಪ್ರಯೋಜನ ಎಂದು ತಂದೆತಾಯಿ ಕೇಳುವುದು ಸಹಜ. ಕನ್ನಡಕ ಬಿಡಿಸುವ ಲೇಸಿಕ್ ಚಿಕಿತ್ಸೆಯಲ್ಲಿ ಕಾರ್ನಿಯಾವನ್ನು ತೆಳುವಾಗಿ ಸೀಳಲು ಇಂದು ಅನೇಕ ಕಡೆ ಇಂಥ ಕಿರುಮಿಡಿತದ ಲೇಸರನ್ನೇ ಬಳಸುತ್ತಾರೆ. ಸುತ್ತಲಿನ ಭಾಗಕ್ಕೆ ಬಿಸಿ ಹರಡುವ ಮೊದಲೇ ಕೊಯ್ತ ಮುಗಿದಿರುತ್ತದೆ. ಆದರೆ ರಾಚೆಸ್ಟರಿನ ಪ್ರಯೋಗ ನಡೆದದ್ದು ಕಣ್ಣಿಗಾಗಿ ಅಲ್ಲ.

2018ರ ಭೌತವಿಜ್ಞಾನ ನೊಬೆಲ್ ಬಹುಮಾನದ ಅರ್ಧವನ್ನು ಈ ಗುರುಶಿಷ್ಯರು ಹಂಚಿಕೊಂಡರು. ಉಳಿದರ್ಧ ಆರ್ಥರ್ ಆಷ್ಕಿನ್ ಅವರದು. 1903ರ ಮೇರಿ ಕ್ಯೂರಿ, 1963ರ ಮರಿಯಾ ಗೆಪರ್ಟ್ ಮೇಯರ್ ಬಳಿಕ ಭೌತವಿಜ್ಞಾನದಲ್ಲಿ ಈ ಗೌರವ ಪಡೆದ ಮೂರನೆಯ ಮಹಿಳೆ ಸ್ಟ್ರಿಕ್‌ಲ್ಯಾಂಡ್. ಆ ದಿನ ಆಕೆ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಇನ್ನೂ ಸಹ ಪ್ರಾಧ್ಯಾಪಕಿ. ಬಡ್ತಿ ಏಕಾಗಿಲ್ಲ ಎಂದು ಪತ್ರಕರ್ತರು ಕೇಳಿದಾಗ, ತಾವು ಅರ್ಜಿಯನ್ನೇ ಹಾಕಿರಲಿಲ್ಲ ಎಂದರು.