ಲಾಯದ ವಿದ್ಯೆಗೆ ಒಂದು ಕಾಲೇಜು ಬೇಡವೇ?

ಪುಣೆಯಲ್ಲಿ ಕುದುರೆ ಡಾಕ್ಟರಾಗಿರುವ ನನಗೆ ಇಲ್ಲಿನ ಕನ್ನಡಿಗರು ಕೇಳುವ ಪ್ರಶ್ನೆಗಳು ಎರಡೇ. ಒಂದು, 'ಈ ಭಾನುವಾರ ಯಾವ ಕುದುರೆ ಗೆಲ್ಲುತ್ತೆ ಹೇಳಿ ಡಾಕ್ಟ್ರೇ.' ಇದಕ್ಕೆ ಉತ್ತರ ಗೊತ್ತಿದ್ದರೆ ನಾನು ಇನ್ನೂ ಬಾಡಿಗೆ ಮನೆಯಲ್ಲಿ ಇರುತ್ತಿರಲಿಲ್ಲ. ಇನ್ನೊಂದು ಪ್ರಶ್ನೆ ಈಚಿನ ಕೆಲವು ವರ್ಷಗಳದ್ದು: 'ನಮ್ಮ ಮಗಳಿಗೆ ಕುದುರೆ ಅಂದ್ರೆ ಪ್ರಾಣ. ಪಿಯುಸಿ ಮುಗೀತು. ಇದನ್ನೇ ಓದೋದಕ್ಕೆ ಕಾಲೇಜು ಇದೆಯಾ?'

ಈ ಎರಡನೇ ಪ್ರಶ್ನೆ ಹುಟ್ಟಿದ್ದಕ್ಕೆ ನಮ್ಮ ಬೆಂಗಳೂರಿನ ಹುಡುಗ ಫವಾದ್ ಮಿರ್ಜಾ ಒಂದು ಕಾರಣ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದು, ಟೋಕಿಯೊ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ 23ನೆಯವರಾಗಿ ಮುಗಿಸಿದರು. ಅವರಿಗಿಂತ ಮೊದಲು ಭಾರತದ ಸವಾರರೊಬ್ಬರು ಒಲಿಂಪಿಕ್ಸ್‌ಗೆ ಹೋಗಿದ್ದು 2000ದಲ್ಲಿ, ಸಿಡ್ನಿಗೆ. ಆಮೇಲೆ 2023ರಲ್ಲಿ ಹಾಂಗ್‌ಝೌನಲ್ಲಿ ನಮ್ಮ ಡ್ರೆಸಾಜ್ ತಂಡ ಚಿನ್ನ ತಂದಿತು. ಟಿವಿಯಲ್ಲಿ ಇದನ್ನು ನೋಡಿದ ಮಕ್ಕಳು ಈಗ ಕಾಲೇಜು ವಯಸ್ಸಿಗೆ ಬಂದಿದ್ದಾರೆ.

ಆ ತಾಯಿ ತಂದೆಯರಿಗೆ ನಾನು ಹೇಳಬಹುದಾದ ದಾರಿಗಳು ಇಷ್ಟು. ಸೇನೆಗೆ ಸೇರಿದರೆ ಖಡಕ್‌ವಾಸ್ಲಾದ ಎನ್‌ಡಿಎಯಲ್ಲಿ ಸವಾರಿ ಕಲಿಸುತ್ತಾರೆ. ಸೇನೆಯ ಕುದುರೆ, ಹೇಸರಗತ್ತೆಗಳ ವಿಭಾಗದ ತರಬೇತಿ ಕಾಲೇಜು ಮೀರತ್‌ನಲ್ಲಿದೆ. ಜಾಕಿಯಾಗಬೇಕೆಂದರೆ ರೇಸ್ ಕ್ಲಬ್‌ಗಳ ಅಪ್ರೆಂಟಿಸ್ ವ್ಯವಸ್ಥೆ ಇದೆ, ಆದರೆ ಅಲ್ಲಿ ತೂಕವೇ ಭವಿಷ್ಯ. ಎಲುಬು ದಪ್ಪವಿರುವ ಹುಡುಗ ಎಷ್ಟು ಚೆನ್ನಾಗಿ ಸವಾರಿ ಮಾಡಿದರೂ ಮನೆಗೆ ಹೋಗಬೇಕು. ದುಡ್ಡಿದ್ದರೆ ಖಾಸಗಿ ರೈಡಿಂಗ್ ಸ್ಕೂಲು. ಇನ್ನೂ ದುಡ್ಡಿದ್ದರೆ ಇಂಗ್ಲೆಂಡ್. ಅಲ್ಲಿ ಹಾರ್ಟ್‌ಪುರಿಯಂಥ ವಿಶ್ವವಿದ್ಯಾಲಯದಲ್ಲಿ ಕುದುರೆಯ ಆರೈಕೆ, ಆಹಾರ, ತರಬೇತಿ ಎಲ್ಲವೂ ಪದವಿಯ ವಿಷಯಗಳು. ಸಿಇಟಿ ಬರೆದು ನಮ್ಮ ರಾಜ್ಯದಲ್ಲೇ ಸೇರಿಕೊಳ್ಳಬಹುದಾದ ಕೋರ್ಸ್ ಮಾತ್ರ ಇಲ್ಲ.

'ಹಾಗಿದ್ರೆ ವೆಟರ್ನರಿ ಓದಿಸ್ತೀವಿ' ಎನ್ನುತ್ತಾರೆ. ಓದಿಸಲಿ, ಒಳ್ಳೆಯ ಓದು. ಆದರೆ ಅದು ಬೇರೆ ವಿದ್ಯೆ. ನಾನು ಕರ್ನಾಟಕದ ಒಂದು ಕಾಲೇಜಿನಲ್ಲಿ ಐದೂವರೆ ವರ್ಷ ಓದಿದೆ. ಹಸು, ಎಮ್ಮೆ, ಕುರಿ, ಕೋಳಿ ಎಲ್ಲವನ್ನೂ ಕಲಿತೆ. ಜೀವಂತ ಕುದುರೆಯ ಮೈ ಮುಟ್ಟಿದ್ದು ಬೆರಳೆಣಿಕೆಯಷ್ಟು ಸಲ. ಇದು ದೂರಲ್ಲ. ನಮ್ಮ ರಾಜ್ಯ ನಡೆಯುವುದು ಹಾಲಿನ ಮೇಲೆ, ಕಾಲೇಜು ಅದನ್ನೇ ಕಲಿಸಬೇಕು. ಕುದುರೆಯನ್ನು ನಾನು ಕಲಿತದ್ದು ಪುಣೆಗೆ ಬಂದ ಮೇಲೆ, ಲಾಯದಲ್ಲಿ, ಹೆಚ್ಚಾಗಿ ಸಾಯಿಸರಿಂದ. ಕುದುರೆ ನೋಡಿಕೊಳ್ಳುವವರನ್ನು ಇಲ್ಲಿ ಹಾಗೆ ಕರೆಯುತ್ತಾರೆ.

ಅವರಲ್ಲೊಬ್ಬರು ಇಂಡಿ ತಾಲ್ಲೂಕಿನವರು. ಮಳೆಗಾಲದ ಒಂದು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರು. 'ಸಾಹೇಬ್ರ, ಕುದುರಿ ಹುಲ್ಲು ಮುಟ್ಟವಲ್ದರಿ. ಎರಡು ಸಲ ಹೊಟ್ಟಿ ಕಡಿ ತಿರುಗಿ ನೋಡ್ತು. ಬರ್ರಿ.' ಅಷ್ಟೇ. ಕುದುರೆ ಬಿದ್ದು ಹೊರಳುತ್ತಿರಲಿಲ್ಲ, ಬೆವತಿರಲಿಲ್ಲ. ನಾನು ಹೋದಾಗ ನಾಡಿ ನಿಮಿಷಕ್ಕೆ 52. ಆರಾಮಾಗಿ ನಿಂತ ಕುದುರೆಯದು ಸಾಮಾನ್ಯವಾಗಿ 28ರಿಂದ 44ರ ಒಳಗಿರುತ್ತದೆ. ಸ್ಟೆತಾಸ್ಕೋಪ್ ಇಟ್ಟರೆ ಬಲಗಡೆ ಕರುಳಿನ ಸದ್ದೇ ಇಲ್ಲ. ಕುದುರೆಗೆ ವಾಂತಿ ಮಾಡಲು ಬಾರದು. ಒಳಗೆ ಸಿಕ್ಕಿಕೊಂಡದ್ದು ಮುಂದಕ್ಕೇ ಹೋಗಬೇಕು, ಇಲ್ಲದಿದ್ದರೆ ಹೊಟ್ಟೆನೋವಿನಲ್ಲೇ ಸಾಯುತ್ತದೆ. ಮೂಗಿನಿಂದ ನಳಿಕೆ ಇಳಿಸಿ, ನೀರು, ಎಣ್ಣೆ ಹಾಕಿ, ನೋವಿಗೆ ಮದ್ದು ಕೊಟ್ಟು ಬೆಳಿಗ್ಗೆ ನಾಲ್ಕರವರೆಗೆ ಕೂತೆವು. ಲದ್ದಿ ಬಿತ್ತು. ಬೆಳಗಿನ ಪಾಳಿಯವರೆಗೆ ಯಾರೂ ಗಮನಿಸದಿದ್ದರೆ ಆ ಕುದುರೆ ಉಳಿಯುತ್ತಿರಲಿಲ್ಲ.

ಎರಡು ಸಲ ಹೊಟ್ಟೆಯ ಕಡೆ ತಿರುಗಿ ನೋಡಿದ್ದನ್ನು ಲೆಕ್ಕ ಇಟ್ಟವನ ಬಳಿ ಒಂದೇ ಒಂದು ಸರ್ಟಿಫಿಕೇಟ್ ಇಲ್ಲ. ಮೂವತ್ತು ವರ್ಷ ಕೆಲಸ ಮಾಡಿದ ಅವರಿಗೂ ನಿನ್ನೆ ಸೇರಿದವನಿಗೂ ಕಾಗದದ ಮೇಲೆ ವ್ಯತ್ಯಾಸವಿಲ್ಲ. ಪುಣೆಯ ರೇಸ್ ಸೀಸನ್ ಮುಗಿದರೆ ಕುದುರೆಗಳ ಜೊತೆ ಮುಂಬೈಗೆ ಹೋಗಬೇಕು, ಬೇಸಿಗೆ ಕಳೆದು ಮತ್ತೆ ಇಲ್ಲಿಗೆ. ಮಗನ ಬಗ್ಗೆ ಕೇಳಿದರೆ, 'ಅವಾ ಬಿಕಾಂ ಮಾಡ್ಯಾನ್ರಿ, ಪಾರ್ಸಲ್ ಹಂಚ್ತಾನ. ಲಾಯದ ಕೆಲಸ ಅವಗ ಬ್ಯಾಡ್ರಿ' ಎಂದರು. ಅವರ ನಿರ್ಧಾರ ಸರಿಯೇ. ಆದರೆ ಅವರು ಊರಿಗೆ ಹೋದ ದಿನ ಆ ವಿದ್ಯೆಯೂ ಅವರ ಜೊತೆ ಬಸ್ಸು ಹತ್ತುತ್ತದೆ.

ಕಾಲೇಜು ಎಂದಾಗ ಸವಾರಿಯೇ ಪಾಠ ಎಂದುಕೊಳ್ಳುವವರಿದ್ದಾರೆ. ದಿನದ 24 ಗಂಟೆಯಲ್ಲಿ ಸವಾರಿ ಒಂದು ಗಂಟೆ. ಉಳಿದ 23 ಗಂಟೆಯೇ ಕುದುರೆಯನ್ನು ಉಳಿಸುವುದು ಅಥವಾ ಕೆಡಿಸುವುದು. ಪುಣೆಯ ರೇಸ್ ನಡೆಯುವುದು ಮಳೆಗಾಲದಲ್ಲಿ; ಹಾಸಿದ ಹುಲ್ಲು ಒದ್ದೆಯಾಗಿಯೇ ಇದ್ದರೆ ಗೊರಸಿನ ತಳದ ಮೆತ್ತನೆಯ ಭಾಗ ಕೊಳೆತು ನಾರುತ್ತದೆ. ದಿನಾ ಕಾಲೆತ್ತಿ ಕೊಕ್ಕೆಯಿಂದ ಕೆರೆಯುವವನಿಗೆ ಅದು ಮೂಗಿನಲ್ಲೇ ಗೊತ್ತಾಗುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಲಾಳ ಬದಲಿಸಬೇಕು. ಮೊಳೆ ಒಂದು ಎಳೆ ಒಳಗೆ ಹೋದರೂ ಕುಂಟು. ಕಾಳು ಎಷ್ಟು, ಹುಲ್ಲು ಎಷ್ಟು, ರಜೆಯ ದಿನ ಕಾಳು ಎಷ್ಟು ಕಡಿಮೆ ಮಾಡಬೇಕು ಎಂಬುದು ಒಂದು ಇಡೀ ಸೆಮಿಸ್ಟರಿನ ವಿಷಯ.

ತರಬೇತಿ ಇನ್ನೂ ಸೂಕ್ಷ್ಮ. ಕುದುರೆ ಓಡಿ ಬದುಕಿದ ಪ್ರಾಣಿ. ಕಣ್ಣು ತಲೆಯ ಎರಡು ಬದಿಗೆ ಇರುವುದರಿಂದ ಸುತ್ತಲೂ ಕಾಣುತ್ತದೆ, ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ ಮಾತ್ರ ಕುರುಡು. ಹಿಂದಿನಿಂದ ಸದ್ದಿಲ್ಲದೆ ಹೋದವನಿಗೆ ಒದೆ ಬೀಳುವುದು ಕೋಪದಿಂದಲ್ಲ, ಭಯದಿಂದ. ಲಗಾಮು ಎಳೆದರೆ ಕುದುರೆ ಕಲಿಯುತ್ತದೆ ಎಂದು ಹೊಸಬರು ತಿಳಿಯುತ್ತಾರೆ. ಅದು ಕಲಿಯುವುದು ಲಗಾಮು ಸಡಿಲವಾದ ಗಳಿಗೆಯಲ್ಲಿ: 'ನಾನು ನಿಂತೆ, ಒತ್ತಡ ಹೋಯಿತು' ಎಂದು. ಬಿಡುವ ಆ ಗಳಿಗೆ ತಡವಾದರೆ ಕುದುರೆ ತಪ್ಪು ಪಾಠ ಕಲಿಯುತ್ತದೆ, ಆಮೇಲೆ ಅದಕ್ಕೆ ಮೊಂಡು ಎಂದು ಹೆಸರಿಟ್ಟು ಹೊಡೆಯುತ್ತೇವೆ. ಹೊಡೆತ ತಿಂದ ಎಷ್ಟೋ ಕುದುರೆಗಳ ಬಾಯಿ ತೆರೆದು ನೋಡಿದ್ದೇನೆ. ಮೊಂಡುತನ ಇರಲಿಲ್ಲ, ಚೂಪಾದ ಹಲ್ಲು ಕೆನ್ನೆಗೆ ಕೊರೆಯುತ್ತಿತ್ತು.

ಇದೇನೂ ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಕುದುರೆಗಳ ವಿಚಾರ ವಿಸ್ತಾರವಾಗಿದೆ. ವಿಜಯನಗರದ ಕಾಲದಲ್ಲಿ ಅಭಿನವಚಂದ್ರ ಅಶ್ವವೈದ್ಯವನ್ನು ಕನ್ನಡದಲ್ಲೇ ಬರೆದ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಕುದುರೆಗಳೂ ನುಗ್ಗಿದವು. ಪುಣೆ ಸುತ್ತಲಿನ ಧನಗರರು ಸಂಸಾರ ಹೇರಿಕೊಂಡು ಹೋಗುವ ಗಿಡ್ಡ ಕುದುರೆಗಳ ತಳಿಯ ಹೆಸರು ಭೀಮಥಡಿ, ಅಂದರೆ ನಮ್ಮದೇ ಭೀಮೆಯ ತಡಿ. ಹೆಸರಿನ ಅರ್ಥ ಕೇಳಿ ಮರಾಠಿ ಗೆಳೆಯನಿಗಿಂತ ನನಗೇ ಹೆಚ್ಚು ಖುಷಿಯಾಯಿತು.

ಎದುರು ವಾದ ಗಟ್ಟಿಯಾಗಿಯೇ ಇದೆ. 2019ರ ಜಾನುವಾರು ಗಣತಿಯಲ್ಲಿ ದೇಶದ ಕುದುರೆಗಳು ಸುಮಾರು 3.4 ಲಕ್ಷ, ಏಳು ವರ್ಷದಲ್ಲಿ ಶೇ 45ಕ್ಕೂ ಹೆಚ್ಚು ಇಳಿಕೆ. 2023ರ ಅಕ್ಟೋಬರ್‌ನಲ್ಲಿ ರೇಸ್ ಪಣದ ಪೂರ್ಣ ಮೊತ್ತಕ್ಕೆ, ಆಗ ಶೇ 28 ಇದ್ದ, ಜಿಎಸ್‌ಟಿ ಬಂದ ಮೇಲೆ ಆ ಉದ್ಯಮವೂ ಏದುಸಿರು ಬಿಡುತ್ತಿದೆ. ಕಡಿಮೆಯಾಗುವ ಪ್ರಾಣಿಗೆ, ಜೂಜಿನ ಆಟಕ್ಕೆ ಸರ್ಕಾರದ ಹಣ ಏಕೆ?

ಜೂಜಿಗೆ ಬೇಡ, ನಾನೂ ಒಪ್ಪುತ್ತೇನೆ. ಆದರೆ ಹಾವು ಕಚ್ಚಿ ತಾಲ್ಲೂಕು ಆಸ್ಪತ್ರೆಗೆ ಬಂದ ರೈತನಿಗೆ ಕೊಡುವ ಚುಚ್ಚುಮದ್ದು ಇಂದಿಗೂ ಕುದುರೆಯ ರಕ್ತದಿಂದಲೇ ತಯಾರಾಗುತ್ತದೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ 1966ರಲ್ಲಿ ಹುಟ್ಟಿದ್ದೇ ಪೂನಾವಾಲಾ ಕುಟುಂಬದ ಕುದುರೆ ಫಾರ್ಮಿನ ನಂಟಿನಿಂದ. ದಸರೆಯ ಅಶ್ವದಳ, ಮದುವೆಯ ಮೆರವಣಿಗೆ, ಮೈಸೂರಿನ ಟಾಂಗಾ, ಗಿರಿಧಾಮದಲ್ಲಿ ಬಾಡಿಗೆಗೆ ನಿಂತ ಬಡ ತಟ್ಟು, ಇವಕ್ಕೂ ಗೊರಸಿದೆ, ಹೊಟ್ಟೆ ಇದೆ. ರೇಸ್ ಕುದುರೆಗಾದರೆ ರಾತ್ರಿ ಹನ್ನೊಂದಕ್ಕೆ ನಾನು ಬರುತ್ತೇನೆ. ಟಾಂಗಾ ಕುದುರೆಗೆ ಬರುವವರು ಯಾರು?

ನಾಲ್ಕು ವರ್ಷದ ಪದವಿ, ದೊಡ್ಡ ಕಟ್ಟಡ ನನಗೆ ಬೇಕಿಲ್ಲ. ಅಷ್ಟು ಕೆಲಸಗಳೂ ಇಲ್ಲ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದಡಿ ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಪಶುಸಂಗೋಪನಾ ಡಿಪ್ಲೊಮಾ ಈಗಾಗಲೇ ಇದೆ. ಅದೇ ಮಾದರಿಯಲ್ಲಿ ಕುದುರೆಗೊಂದು ಎರಡು ವರ್ಷದ ಡಿಪ್ಲೊಮಾ, ವರ್ಷಕ್ಕೆ ಇಪ್ಪತ್ತು ಇಪ್ಪತ್ತೈದು ಮಕ್ಕಳು, ಕನ್ನಡದಲ್ಲೇ ಪಾಠ. ಜಾಗವೂ ಇದೆ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಕುಣಿಗಲ್ ಫಾರ್ಮ್ 400ಕ್ಕೂ ಹೆಚ್ಚು ಎಕರೆ. ಅಲ್ಲಿ ಟೌನ್‌ಶಿಪ್ ಮಾಡುವ ಮಾತು ಬಂದಾಗ ಊರಿನವರೇ ವಿರೋಧಿಸಿದರು. ಬೇಕಾದದ್ದು ಆ ನೆಲದ ಒಂದು ಮೂಲೆ, ಒಂದು ಲಾಯ, ಒಂದು ಲಾಳದ ಕುಲುಮೆ.

ಮೇಷ್ಟ್ರು ಯಾರು ಎಂದು ಕೇಳಿದರೆ, ಅರ್ಧ ಜನ ಪದವಿ ಇರುವವರು, ಇನ್ನರ್ಧ ಜನ ಇಂಡಿ ತಾಲ್ಲೂಕಿನ ಆ ಸಾಯಿಸನಂಥವರು ಎನ್ನುತ್ತೇನೆ. ಅವರಿಗೆ ಅತಿಥಿ ಉಪನ್ಯಾಸಕರ ಗಂಟೆ ಲೆಕ್ಕದ ಕೂಲಿ ಅಲ್ಲ, ಸಂಬಳವೇ ಕೊಡಬೇಕು. ವಿದ್ಯಾರ್ಹತೆಯ ನಿಯಮ ಅಡ್ಡ ಬರುತ್ತದೆ ಎಂದು ಈಗಾಗಲೇ ಒಬ್ಬ ಅಧಿಕಾರಿ ಮಿತ್ರರು ನಕ್ಕಿದ್ದಾರೆ. ಅವರಿಗೆ ಇನ್ನು ಹತ್ತು ವರ್ಷ ಮೈಯಲ್ಲಿ ಶಕ್ತಿ ಇರುತ್ತದೆ. ನಿಯಮ ತಿದ್ದಲು ಅಷ್ಟು ಸಮಯ ಇದೆ.