ಮೆಟ್ರೋ ಬಾಗಿಲಲ್ಲಿ ಟಿಕೆಟ್ ನೋಡಲಿ, ಬಟ್ಟೆ ನೋಡುವುದು ಬೇಡ

ತುಮಕೂರು ಕಡೆಯಿಂದ ಬೆಂಗಳೂರಿಗೆ ಹೋಗುವ ನಮ್ಮವರಿಗೆ ಮೆಟ್ರೋ ಈಗ ದೂರದ ಮಾತಲ್ಲ. ನೆಲಮಂಗಲ ದಾಟಿದರೆ ಮಾದಾವರ. 2024ರ ನವೆಂಬರ್ 7ರಿಂದ ಹಸಿರು ಮಾರ್ಗದ ರೈಲು ಅಲ್ಲಿಂದಲೇ ಹೊರಡುತ್ತಿದೆ. ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಬಸ್ಸಿನೊಳಗೆ ಬೇಯುವ ಬದಲು ಮಾದಾವರದಲ್ಲಿಳಿದು ರೈಲು ಹತ್ತುವವರು ನಮ್ಮ ಊರುಗಳಲ್ಲೂ ಇದ್ದಾರೆ.

ಅದೇ ಮಾರ್ಗದಲ್ಲಿ, ಮೆಜೆಸ್ಟಿಕ್‌ಗಿಂತ ಮೊದಲು ರಾಜಾಜಿನಗರ ನಿಲ್ದಾಣ ಸಿಗುತ್ತದೆ. 2024ರ ಫೆಬ್ರವರಿಯಲ್ಲಿ ಅಲ್ಲಿ ಏನಾಯಿತು ಎಂಬುದನ್ನು ನಿಮ್ಮಲ್ಲಿ ಹಲವರು ಮೊಬೈಲಿನಲ್ಲೇ ನೋಡಿದ್ದೀರಿ. ತಲೆ ಮೇಲೆ ಬಟ್ಟೆ ಗಂಟು ಹೊತ್ತು ಬಂದ ರೈತರೊಬ್ಬರನ್ನು ಬಟ್ಟೆ ಕೊಳೆಯಾಗಿದೆ ಎಂದು ತಪಾಸಣೆ ಜಾಗದಲ್ಲೇ ತಡೆದರು. ಅವರ ಕೈಯಲ್ಲಿ ಟಿಕೆಟ್ ಇತ್ತು. ಜೊತೆಗಿದ್ದ ಪ್ರಯಾಣಿಕರು ಜಗಳಕ್ಕೆ ನಿಂತು ಅವರನ್ನು ಒಳಗೆ ಕರೆದುಕೊಂಡು ಹೋದರು. ವಿಡಿಯೋ ಊರೆಲ್ಲ ಹರಡಿದ ಮೇಲೆ ಮೆಟ್ರೋ ನಿಗಮ ವಿಷಾದ ಹೇಳಿ, ಭದ್ರತಾ ಮೇಲ್ವಿಚಾರಕರನ್ನು ಕೆಲಸದಿಂದ ತೆಗೆಯಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೂ ನೋಟಿಸ್ ಕೊಟ್ಟಿತು.

ಅಲ್ಲಿಗೆ ಮುಗಿಯಲಿಲ್ಲ. ಏಪ್ರಿಲ್‌ನಲ್ಲಿ ದೊಡ್ಡಕಲ್ಲಸಂದ್ರ ನಿಲ್ದಾಣದಲ್ಲಿ ಅಂಗಿಯ ಗುಂಡಿ ಹಾಕಿಲ್ಲವೆಂದು ಕೂಲಿ ಕಾರ್ಮಿಕರೊಬ್ಬರನ್ನು ತಡೆದ ಸುದ್ದಿ ಬಂತು. ಕುಡಿದಿರಬಹುದೆಂಬ ಅನುಮಾನದಿಂದ ನಿಲ್ಲಿಸಿದೆವು ಎಂಬುದು ನಿಗಮದ ವಿವರಣೆ. ಅನುಮಾನ ಬರಲಿ, ವಿಚಾರಿಸಲಿ. ಆದರೆ ಇಂಥ ಅನುಮಾನ ಇಸ್ತ್ರಿ ಅಂಗಿಯವರ ಮೇಲೆ ಯಾಕೆ ಅಷ್ಟು ಬೇಗ ಬರುವುದಿಲ್ಲ ಎಂಬುದು ನಮ್ಮ ಪ್ರಶ್ನೆ.

ಕಾನೂನು ಏನನ್ನುತ್ತದೆ? ಮೆಟ್ರೋ ರೈಲುಗಳಿಗೆಂದೇ 2002ರ ಕಾಯ್ದೆ ಇದೆ. ಕುಡಿದು ಬರಬಾರದು, ಗಲಾಟೆ ಮಾಡಬಾರದು, ಬೆಂಕಿ ಹತ್ತುವಂಥ ಅಪಾಯಕಾರಿ ವಸ್ತು ತರಬಾರದು. ಸ್ವಂತ ಸಾಮಾನಿನ ಸಣ್ಣ ಬ್ಯಾಗು ತರಬಹುದು. ಅದರ ಗಾತ್ರ, ತೂಕಕ್ಕೆ ಮಿತಿ ಇದೆ. ಬಟ್ಟೆ ಕೊಳೆಯಾಗಿದ್ದರೆ ಹತ್ತಿಸಬೇಡಿ ಎಂದು ಆ ಕಾಯ್ದೆ ಹೇಳುವುದಿಲ್ಲ. ಹೊಲದಲ್ಲಿ, ಗಾರೆ ಕೆಲಸದಲ್ಲಿ, ಮಂಡಿಯಲ್ಲಿ ಬೆಳಗಿನಿಂದ ದುಡಿದವರ ಬಟ್ಟೆಗೆ ಮಣ್ಣು ಹತ್ತದೆ ಇನ್ನೇನು ಹತ್ತುತ್ತದೆ?

ಮೆಟ್ರೋ ಹತ್ತುವ ನಮ್ಮವರು ಯಾರ ಹಂಗಿನಲ್ಲೂ ಹತ್ತುತ್ತಿಲ್ಲ. ಶಕ್ತಿ ಯೋಜನೆ ಮೆಟ್ರೋಗೆ ಅನ್ವಯಿಸುವುದಿಲ್ಲ. ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಹೋಗಬಹುದಾದ ಹೆಣ್ಣುಮಗಳೂ ಹೊತ್ತು ಉಳಿಯಲಿ ಎಂದು ಇಲ್ಲಿ ದುಡ್ಡು ಕೊಡುತ್ತಾಳೆ. 2025ರ ಫೆಬ್ರವರಿ 9ರಂದು ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿದಾಗ ಆ ಹೊರೆ ಅವಳ ಮೇಲೂ ಬಿತ್ತು. ಇನ್ನು ನಿಗಮದಲ್ಲಿ ಕೇಂದ್ರಕ್ಕೂ ರಾಜ್ಯಕ್ಕೂ ಸಮಪಾಲು. ಸೋಪು, ಚಪ್ಪಲಿ ಕೊಂಡಾಗ ನಾವು ಕಟ್ಟುವ ತೆರಿಗೆಯೂ ಅಲ್ಲಿಗೇ ಸೇರಿದೆ.

ಒಬ್ಬ ಮೇಲ್ವಿಚಾರಕರನ್ನು ಮನೆಗೆ ಕಳಿಸುವುದು ಸುಲಭ. ಬಾಗಿಲಲ್ಲಿ ನಿಲ್ಲುವವರೂ ಸಂಬಳಕ್ಕೆ ದುಡಿಯುವವರೇ; ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ಅವರಿಗೆ ಸರಿಯಾಗಿ ಹೇಳಿಕೊಡದಿದ್ದರೆ ಕಣ್ಣಿಗೆ ಕಂಡದ್ದನ್ನೇ ನಿಯಮ ಮಾಡಿಕೊಳ್ಳುತ್ತಾರೆ. ಹಾಗಾಗಿ ನಾವು ಕೇಳುವುದು ಎರಡೇ. ಬ್ಯಾಗು ತಪಾಸಣೆ ಮಾಡುವಲ್ಲಿ ಏನು ತರಬಹುದು, ಏನು ತರಬಾರದು, ಎಷ್ಟು ತೂಕ ಎಂಬ ಫಲಕ ದಪ್ಪ ಕನ್ನಡ ಅಕ್ಷರದಲ್ಲಿ ಇರಲಿ. ಯಾರನ್ನಾದರೂ ವಾಪಸ್ ಕಳಿಸುವುದಾದರೆ ಯಾವ ನಿಯಮದಡಿ ಎಂದು ಅವರಿಗೆ ಹೇಳಲೇಬೇಕು ಎಂದಾಗಲಿ.

ನಮ್ಮ ಕಡೆಯಿಂದಲೂ ಒಂದಿಷ್ಟು ಜವಾಬ್ದಾರಿ ಇದೆ. ನಿಲ್ದಾಣದಲ್ಲಿ ಎಲೆ ಅಡಿಕೆ ಉಗುಳುವುದು ಬೇಡ. ಸೀಮೆಎಣ್ಣೆ, ಪೆಟ್ರೋಲ್ ಕ್ಯಾನು ಒಯ್ಯುವುದು ಬೇಡ. ದೊಡ್ಡ ಮೂಟೆ ಇದ್ದರೆ ಬಸ್ಸೇ ವಾಸಿ.

ಇಷ್ಟಾದ ಮೇಲೂ ನಿಮ್ಮನ್ನು ತಡೆದರೆ ತಲೆ ತಗ್ಗಿಸಿ ವಾಪಸ್ ಬರಬೇಡಿ. ಕೂಗಾಡಲೂ ಬೇಡಿ. "ಯಾವ ರೂಲ್ಸು ಸ್ವಾಮಿ, ತೋರಿಸಿ" ಎಂದು ಕೇಳಿ. ಟಿಕೆಟ್ ಕೌಂಟರಿನ ಹತ್ತಿರ ನಿಲ್ದಾಣದ ಸಿಬ್ಬಂದಿ ಇರುತ್ತಾರೆ, ಅವರನ್ನು ಕರೆಸಿ. ನಿಲ್ದಾಣದ ಹೆಸರು, ತಾರೀಖು, ಹೊತ್ತು ಬರೆದಿಟ್ಟುಕೊಳ್ಳಿ. ರಾಜಾಜಿನಗರದಲ್ಲಿ ಆ ರೈತರ ಪರವಾಗಿ ನಿಂತವರು ಪರಿಚಯದವರೇನಲ್ಲ, ಹಿಂದೆ ಮುಂದೆ ಇದ್ದ ಪ್ರಯಾಣಿಕರು. ನಿಮ್ಮ ಕಣ್ಣೆದುರು ಇನ್ನೊಬ್ಬರಿಗೆ ಹಾಗಾದರೆ ನೀವೂ ಒಂದು ನಿಮಿಷ ನಿಲ್ಲಿ. ಮುಂದಿನ ರೈಲು ಬಂದೇ ಬರುತ್ತದೆ.